ಓದುಗರ ಪ್ರಶ್ನೆ: ಒರಗಿ ತುಳಿಯುವ ಸೈಕಲ್ಲಿಗೆ ಯಾವ ಕುಶನ್?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 61. ಸೊಂಟನೋವಿನಿಂದಾಗಿ ಮಾಮೂಲಿ ಸೈಕಲ್ ಬಿಟ್ಟಿದ್ದೆ. ಮಗ ಬೆಂಗಳೂರಿನಿಂದ ಎರಡು ಚಕ್ರದ ರಿಕಂಬೆಂಟ್ ಸೈಕಲ್ ತಂದುಕೊಟ್ಟಿದ್ದಾನೆ. ಅದೇ, ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಕೂತು ಕಾಲು ಮುಂದೆ ಚಾಚಿ ತುಳಿಯುವಂಥದ್ದು. ಸೊಂಟಕ್ಕೇನೋ ಹಿತವಾಗಿದೆ. ಆದರೆ ಅರ್ಧ ಗಂಟೆ ಆಯಿತೆಂದರೆ ಕುಂಡಿ ನೋಯುತ್ತದೆ, ಕಾಲ್ಬೆರಳು ಜೋಮು ಹಿಡಿಯುತ್ತವೆ, ಅಂಗಿಯ ಬೆನ್ನು ಬೆವರಿನಲ್ಲಿ ತೊಯ್ದುಹೋಗುತ್ತದೆ. ಎರಡು ಇಂಚಿನ ಸ್ಪಂಜು ಹಾಕಿ ನೋಡಿದೆ, ನೋವು ಇನ್ನೂ ಜಾಸ್ತಿಯಾಯಿತು. ಮಳೆಗಾಲದ ಚಿಂತೆ ಬೇರೆ. ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದೇ? (ಗೋಣಿಕೊಪ್ಪ)

ಉತ್ತರ: ಮೇಷ್ಟ್ರೇ, ಮೊದಲು ಆ ಸ್ಪಂಜು ತೆಗೆದುಬಿಡಿ. ನಾನೂ ಅದೇ ತಪ್ಪು ಮಾಡಿ ಒಂದು ಇಡೀ ಬೇಸಿಗೆ ನೋವು ತಿಂದವನು. ಮಾಮೂಲಿ ಸೈಕಲ್ಲಿನಲ್ಲಿ ಗುಂಡಿ ಬಂದರೆ ಸೀಟಿನಿಂದ ಸ್ವಲ್ಪ ಏಳುತ್ತೇವೆ, ಅಲ್ವಾ? ಇಲ್ಲಿ ಏಳುವ ಹಾಗಿಲ್ಲ. ಮೈ ಭಾರವೆಲ್ಲ ಸೀಟಿನ ಮೇಲೆ, ಏರಿನಲ್ಲಿ ತುಳಿಯುವಾಗ ಬೆನ್ನು ಒತ್ತುವುದೂ ಅದರ ಮೇಲೆಯೇ. ಮೆತ್ತನೆ ಸ್ಪಂಜು ಹತ್ತೇ ನಿಮಿಷದಲ್ಲಿ ಚಪ್ಪಟೆಯಾಗಿ, ಕುಂಡಿಯ ಎಲುಬು ಕೆಳಗಿನ ಹಲಗೆಗೇ ತಾಗುತ್ತದೆ. ಜೊತೆಗೆ ಬೆನ್ನ ಹಿಂದೆ ಎರಡು ಇಂಚು ಸೇರಿತೆಂದರೆ ಪೆಡಲ್ ಎರಡು ಇಂಚು ಹತ್ತಿರ ಬಂದ ಹಾಗೆ. ಮೊಣಕಾಲು ಬೇಕಾದ್ದಕ್ಕಿಂತ ಜಾಸ್ತಿ ಮಡಚುತ್ತದೆ, ಆಮೇಲೆ ಅದೂ ನೋಯಲು ಶುರು.

ಕುಶನ್ ಬಗ್ಗೆ ಯೋಚಿಸುವ ಮೊದಲು ಅಳತೆ ಸರಿಮಾಡಿಕೊಳ್ಳಿ. ಮಗನಿಗೆ ಸೈಕಲ್ ಹಿಡಿದುಕೊಳ್ಳಲು ಹೇಳಿ, ನೀವು ಬೆನ್ನನ್ನು ಸೀಟಿಗೆ ಪೂರ್ತಿ ಒತ್ತಿ ಕೂತು, ಪೆಡಲ್ ಅತಿ ದೂರ ಇರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಜಾರಬಾರದು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಬೇಕಾದಷ್ಟೇ ಬಾಗಿರುತ್ತದೆ. ಇಲ್ಲದಿದ್ದರೆ ಪೆಡಲ್ ಇರುವ ಮುಂದಿನ ಪೈಪಿನ ಬೋಲ್ಟ್ ಸಡಿಲಿಸಿ, ಅರ್ಧರ್ಧ ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ. ಜಾಸ್ತಿ ಸರಿಸಿದರೆ ಚೈನಿನ ಉದ್ದ ಸಾಕಾಗುತ್ತದೆಯೇ ಎಂದೂ ನೋಡಬೇಕು. ಆಮೇಲೆ ಸೀಟಿನ ಬೆನ್ನು. ನಿಮ್ಮ ಕುಂಡಿನೋವು ನೋಡಿದರೆ ಸೀಟು ತೀರಾ ನೆಟ್ಟಗಿದೆ ಅನ್ನಿಸುತ್ತದೆ. ಸ್ವಲ್ಪ ಹಿಂದಕ್ಕೆ ವಾಲಿಸಿ, ಭಾರ ಬೆನ್ನಿಗೂ ಹಂಚಿಹೋಗುತ್ತದೆ. ಒಂದು ವಾರ ಹೀಗೇ ಓಡಿಸಿ. ಎಷ್ಟೋ ಸಲ ಅರ್ಧ ನೋವು ಇಷ್ಟರಲ್ಲೇ ಹೋಗುತ್ತದೆ.

ಈಗ ಕುಶನ್. ನೆಲಕ್ಕೆ ಹಾಸುವ, ನೀರು ಹೀರದ ಗಟ್ಟಿ ಫೋಮಿನ ಯೋಗ ಮ್ಯಾಟ್ ತನ್ನಿ, ಒಂದು ಸೆಂಟಿಮೀಟರ್ ದಪ್ಪದ್ದು. ಒಂದು ರಟ್ಟನ್ನು ಗಟ್ಟಿ ಬೆಂಚಿನ ಮೇಲಿಟ್ಟು ಅದರ ಮೇಲೆ ಐದು ನಿಮಿಷ ಕೂತು ಎದ್ದರೆ ಎರಡು ಕುಳಿ ಮೂಡಿರುತ್ತವೆ, ಅದೇ ನಿಮ್ಮ ಕುಂಡಿಯ ಎಲುಬಿನ ಜಾಗ. ಹಳೇ ಪೇಪರಿನಲ್ಲಿ ಸೀಟಿನ ಅಚ್ಚು ತೆಗೆದು ಆ ಜಾಗ ಗುರುತು ಹಾಕಿಕೊಳ್ಳಿ. ಫೋಮನ್ನು ಎರಡು ಪದರ ಮಾಡಿ. ಕೆಳಗಿನ ಪದರದಲ್ಲಿ ಬಾಲಮೂಳೆ ಬರುವಲ್ಲಿಂದ ಬೆನ್ನೆಲುಬಿನ ಉದ್ದಕ್ಕೂ ಎರಡು ಇಂಚು ಅಗಲದ ಓಣಿ ಕೊರೆಯಿರಿ. ಮೂಳೆ ಆ ಓಣಿಯಲ್ಲಿ ತೇಲಿದಂತಿರಬೇಕು, ಯಾವುದಕ್ಕೂ ತಾಗಬಾರದು.

ಬೆವರಿಗೆ ಮದ್ದು ಇದರ ಮೇಲಿನ ಪದರ. ಕಾರಿಗೆ ಹಾಕುವ ನೂಡಲ್ ಮ್ಯಾಟ್ ನೋಡಿದ್ದೀರಲ್ಲ, ಪ್ಲಾಸ್ಟಿಕ್ ಶಾವಿಗೆ ಸುತ್ತಿಕೊಂಡ ಹಾಗಿರುತ್ತದೆ? ತಳಕ್ಕೆ ರಬ್ಬರ್ ಅಂಟಿಸದೇ ಇರುವುದನ್ನು ಕೇಳಿ ತನ್ನಿ, ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಗಾಳಿ ಅಡ್ಡಡ್ಡಕ್ಕೂ ಓಡಾಡುತ್ತದೆ, ನೀರು ಬಿದ್ದರೆ ಸೋರಿಹೋಗುತ್ತದೆ. ತೆಂಗಿನ ನಾರಿನ ಶೀಟೂ ಕೂರಲು ಚೆನ್ನ, ಬೇಸಿಗೆಯಲ್ಲಿ ತಂಪು. ಆದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಆ ನಾರು ಒಣಗುವುದೆಲ್ಲಿ? ನನ್ನದು ಎರಡೇ ವಾರದಲ್ಲಿ ಬಿಳಿ ಬೂಷ್ಟು ಬಂದು ಬಿಸಾಡಬೇಕಾಯಿತು. ಅದನ್ನು ಹುತ್ತರಿ, ಅಂದರೆ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ, ಕಳೆದ ಮೇಲೆ ಹಾಕಿಕೊಳ್ಳಿ.

ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಮೇಲುಹೊದಿಕೆಗೆ ಕಾಫಿ ನರ್ಸರಿಗೆ ಕಟ್ಟುವ ಶೇಡ್ ನೆಟ್ ಸಾಕು, ತೋಟದ ಮನೆಗಳಲ್ಲಿ ಒಂದು ತುಂಡು ಉಳಿದೇ ಇರುತ್ತದೆ. ಭಾರ ಹೊರಲು ಮಾತ್ರ ಅದನ್ನು ನಂಬಬೇಡಿ. ನಾನು ಒಮ್ಮೆ ಪೈಪಿನ ಫ್ರೇಮಿಗೆ ಬರೀ ನೆಟ್ ಬಿಗಿದು ಸೀಟು ಮಾಡಿದ್ದೆ, ಒಂದು ವಾರಕ್ಕೆ ತೊಟ್ಟಿಲಿನ ಹಾಗೆ ಜೋತುಬಿತ್ತು. ಹೊಲಿಗೆಯನ್ನು ಜೀಪಿನ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲೇ ಮಾಡಿಸಿ. ಬಟ್ಟೆ ಹೊಲಿಯುವ ಮಿಷನ್ನಿನ ಸೂಜಿ ಇದಕ್ಕೆ ಮುರಿಯುತ್ತದೆ. ನನಗೆ ಹೊಲಿದುಕೊಟ್ಟವರು ನೈಲಾನ್ ದಾರದಲ್ಲಿ ಅಂಚಿಗೆ ಎರಡು ಸಾಲು ಹಾಕಿ, ನಾನು ಕೇಳದೆಯೇ ಕೆಳಗಡೆ ನಾಲ್ಕು ವೆಲ್ಕ್ರೋ ಪಟ್ಟಿ ಕೂರಿಸಿದರು. ಮನೆಗೆ ಬಂದ ತಕ್ಷಣ ಪರ್ರ್ ಎಂದು ಕಿತ್ತು ಒಣಹಾಕಬಹುದು. ಬಚ್ಚಲ ಒಲೆಯ ಹತ್ತಿರ ಮಾತ್ರ ಬೇಡ, ಫೋಮ್ ಶಾಖಕ್ಕೆ ಸುರುಟಿಕೊಳ್ಳುತ್ತದೆ.

ಕಾಲ್ಬೆರಳಿನ ಜೋಮಿಗೆ ಕಾರಣ ಬೇರೆ. ಪಾದ ಸೊಂಟಕ್ಕಿಂತ ಎತ್ತರದಲ್ಲಿರುತ್ತದೆ, ರಕ್ತ ಅಲ್ಲಿಗೆ ಹತ್ತಿ ಹೋಗಬೇಕು. ಅದರ ಮೇಲೆ ಬಿಗಿ ಶೂ, ಬೆರಳಿನ ಬುಡದಲ್ಲೇ ಒತ್ತಡ. ಶೂ ಅರ್ಧ ಸೈಜು ದೊಡ್ಡದಿರಲಿ, ಅಟ್ಟೆ ಗಟ್ಟಿಯಿರಲಿ. ಪಾದವನ್ನು ಒಂದೆರಡು ಸೆಂಟಿಮೀಟರ್ ಮುಂದೆ ತಳ್ಳಿ, ಪೆಡಲ್ ಪಾದದ ನಡುವಿಗೆ ಹತ್ತಿರವಾಗುವ ಹಾಗೆ. ಅಲ್ಲಿಗೂ ಕಾಲು ಕೆಳಗೆ ಜಾರುತ್ತಿದ್ದರೆ ಹಳೇ ಟ್ಯೂಬ್ ಕತ್ತರಿಸಿ ಹಿಮ್ಮಡಿಯ ಹಿಂದೆ ಬರುವ ಹಾಗೆ ಒಂದು ಪಟ್ಟಿ ಕಟ್ಟಿ. ಅದು ಸುಮ್ನೆ ಆತುಕೊಳ್ಳಲಿಕ್ಕೆ ಅಷ್ಟೇ. ಕಾಲು ಮೇಲಕ್ಕೆತ್ತಿದರೆ ತಕ್ಷಣ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸೈಕಲ್ ನಿಂತಾಗ ಬೀಳುತ್ತೀರಿ.

ಇನ್ನು ಮಳೆ. ಗದ್ದೆಯಲ್ಲಿ ನಾಟಿ ಮಾಡುವವರು ಹೊದ್ದುಕೊಳ್ಳುತ್ತಿದ್ದ ಗೊರಬು ನೆನಪಿದೆಯಲ್ಲ? ಬಾಗಿದ ಬೆನ್ನಿನ ಮೇಲೆ ಬೀಳುವ ಮಳೆಗೆ ಮಾಡಿದ್ದು ಅದು. ಈ ಸೈಕಲ್ಲಿನಲ್ಲಿ ಎಲ್ಲ ಉಲ್ಟಾ, ಮಳೆ ಬೀಳುವುದು ಎದೆ, ಹೊಟ್ಟೆ, ತೊಡೆಯ ಮೇಲೆ. ಮಾಮೂಲಿ ರೈನ್‌ಕೋಟಿನ ಬಟನ್ ಸಾಲಿನಲ್ಲೇ ನೀರು ಇಳಿದು ಮಡಿಲಲ್ಲಿ ಕೆರೆ ಕಟ್ಟುತ್ತದೆ. ಹಾಗಾಗಿ ರೈನ್‌ಕೋಟನ್ನು ಹಿಂದುಮುಂದಾಗಿ ಹಾಕಿಕೊಳ್ಳಿ, ಅದರ ಕೆಳಗೆ ಮೊಣಕಾಲಿನವರೆಗೆ ತೆಳು ಟಾರ್ಪಾಲಿನ ಒಂದು ತುಂಡನ್ನು ಸೊಂಟಕ್ಕೆ ವೆಲ್ಕ್ರೋದಿಂದ ಅಂಟಿಸಿಕೊಳ್ಳಿ. ಅದರ ಅಂಚು ಚೈನಿಗಾಗಲಿ ಚಕ್ರಕ್ಕಾಗಲಿ ತಾಗಬಾರದು. ಗಂಟು ಹಾಕಲೇಬೇಡಿ, ಎಳೆದರೆ ಕಿತ್ತು ಬರುವಂತಿರಲಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಚಿಕ್ಕಪ್ಪನ ರಿಕಂಬೆಂಟ್ ಓಡಿಸುತ್ತೇನೆ. ಇದು ಕಾಯಿಲೆಯವರ ಸೈಕಲ್, ನಿಧಾನ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ? (ವಿರಾಜಪೇಟೆ)

ಉತ್ತರ: ಅಲ್ಲಮ್ಮ. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬವರು ಇಂಥ ಸೈಕಲ್ಲಿನಲ್ಲೇ ಒಂದು ಗಂಟೆಗೆ 45 ಕಿಲೋಮೀಟರ್ ಮೀರಿ ತುಳಿದು, 1914ರಿಂದ ಯಾರೂ ಮುರಿಯದಿದ್ದ ದಾಖಲೆ ಮುರಿದರು. ಸೈಕಲ್ ಮಾಡಿದವರು ಚಾರ್ಲ್ಸ್ ಮೋಶೆ. ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧೆಯ ಸೈಕಲ್ ಮಾಮೂಲಿ ಆಕಾರದಲ್ಲೇ ಇರಬೇಕೆಂದು ನಿಯಮ ಮಾಡಿ ಇದನ್ನು ಹೊರಗಿಟ್ಟಿತು. ಮಲಗಿದ ಮೈಗೆ ಗಾಳಿಯ ತಡೆ ಕಡಿಮೆ, ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಓಡುತ್ತದೆ. ಏರಿನಲ್ಲಿ ನಿಧಾನ ನಿಜ, ಎದ್ದು ನಿಂತು ತುಳಿಯಲಾಗುವುದಿಲ್ಲವಲ್ಲ. ಏರು ಬರುವ ಮೊದಲೇ ಸಣ್ಣ ಗೇರಿಗೆ ಹಾಕಿ ಬೇಗ ಬೇಗ ಹಗುರವಾಗಿ ತುಳಿಯಿರಿ. ಕುಶಾಲನಗರದಿಂದ ಮಡಿಕೇರಿಗೆ ಹತ್ತುವವರಿಗೆ ಈ ಅಭ್ಯಾಸ ಬೇಕೇ ಬೇಕು.

ಪ್ರಶ್ನೆ: ತಗ್ಗಿನ ಸೈಕಲ್, ತೋಟದ ತಿರುವುಗಳಲ್ಲಿ ಜೀಪಿನವರಿಗೆ ಕಾಣುವುದಿಲ್ಲವೆಂದು ಭಯ. (ಸೋಮವಾರಪೇಟೆ)

ಉತ್ತರ: ಭಯ ಸರಿಯಾದದ್ದೇ. ಸೀಟಿನ ಹಿಂದೆ ಟೆಂಟಿನ ಫೈಬರ್ ಕಡ್ಡಿ ಕಟ್ಟಿ, ತುದಿ ನೆಲದಿಂದ ಐದಾರು ಅಡಿ ಎತ್ತರ ಬರಲಿ. ಬಾವುಟಕ್ಕೆ ಹತ್ತಿ ಬಟ್ಟೆ ಬೇಡ, ನೆನೆದರೆ ಕಡ್ಡಿಗೆ ಅಂಟಿಕೊಂಡು ಕಾಣದೇ ಹೋಗುತ್ತದೆ. ಕಿತ್ತಳೆ ಬಣ್ಣದ ರೈನ್‌ಕೋಟ್ ತುಂಡು ಹಾಕಿ. ಹಿಂದೆ ತಿರುಗಿ ನೋಡುವುದು ಕಷ್ಟವಾದ್ದರಿಂದ ಹ್ಯಾಂಡಲಿಗೆ ಕನ್ನಡಿ ಬೇಕು, ಮಂಜಿಗೆ ಹಿಂದಿನ ಕೆಂಪು ಲೈಟು ಹಗಲೂ ಉರಿಯಲಿ. ಆನೆ ಓಡಾಡುವ ತೋಟದ ದಾರಿಯಲ್ಲಿ ನಸುಕಿಗೆ, ಮುಸ್ಸಂಜೆಗೆ ಹೋಗಲೇಬೇಡಿ. ಈ ಸೈಕಲ್ಲನ್ನು ಗಬಕ್ಕನೆ ತಿರುಗಿಸಿ ಓಡಲಾಗುವುದಿಲ್ಲ. ಬಿಸಿಲು ಬಂದ ಮೇಲೆ ಹೊರಡಿ, ಹೊರಡುವ ಮೊದಲು ತೋಟದ ಕಾರ್ಮಿಕರನ್ನು ಒಂದು ಮಾತು ಕೇಳಿ, ರಾತ್ರಿ ಆನೆ ಯಾವ ಕಡೆ ಇತ್ತು ಎಂದು ಅವರಿಗೆ ಗೊತ್ತಿರುತ್ತದೆ.