ಬಾತುಕೋಳಿ ಯಾಕೆ ಬೀಳ್ತಿಲ್ಲ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ವಿಡಿಯೋ ಗೇಮ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ ಅಂತ ಹೋದ ಸಲ ಒಂದು ಸಾಲು ಹಾಕಿದ್ವಿ ಅಷ್ಟೇ, ಬಂದಿದ್ದರಲ್ಲಿ ಅರ್ಧಕ್ಕರ್ಧ ಟಿವಿಗೆ ಗುರಿ ಇಟ್ಟು ಹೊಡೆಯೋ ಗೇಮ್ ಗನ್ನಿನ ಪ್ರಶ್ನೆಗಳೇ. ಸರಿ, ಈ ಸಲ ಬರೀ ಗನ್ನು, ಮಿಕ್ಕಿದ್ದಕ್ಕೆ ಮುಂದಿನ ಸಲ ಉತ್ತರ ಕೊಡ್ತೀನಿ.

ಪ್ರ: ಸರ್, ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಅಟ್ಟದ ಮೇಲೆ ನನ್ನ ಸ್ಕೂಲ್ ಟೈಮಿನ ವಿಡಿಯೋ ಗೇಮ್ ಸಿಕ್ತು, ಗನ್ನೂ ಇತ್ತು, ಕ್ಯಾಸೆಟ್ಟೂ ಇತ್ತು. ಹಾಲ್‌ನಲ್ಲಿರೋ ಎಲ್‌ಇಡಿ ಟಿವಿಗೆ ಹಾಕಿದೆ. ಮಾರಿಯೋ ಚೆನ್ನಾಗೇ ಓಡ್ತು, ಆದ್ರೆ ಡಕ್ ಹಂಟ್‌ನಲ್ಲಿ ಒಂದು ಬಾತುಕೋಳಿನೂ ಬೀಳ್ತಿಲ್ಲ, ಸ್ಕ್ರೀನಿಗೆ ನಳಿಗೆ ತಾಗಿಸಿ ಹೊಡೆದ್ರೂ ಇಲ್ಲ. ಮಗಳ ಮುಂದೆ ಮರ್ಯಾದೆ ಹೋಯ್ತು. ಗನ್ ಕೆಟ್ಟಿದ್ಯಾ? – ತುಮಕೂರಿನ ಓದುಗರು

ಗನ್ ಬಹುಶಃ ಸರಿಯಾಗೇ ಇದೆ, ಎದುರಿಗಿರೋ ಟಿವಿ ಅದಕ್ಕೆ ಸರಿಹೋಗ್ತಿಲ್ಲ. ಚಿಕ್ಕವರಿದ್ದಾಗ ನಾವೆಲ್ಲ ಆ ಗನ್ನಿಂದ ಏನೋ ಕಿರಣ ಹೋಗಿ ಟಿವಿಗೆ ಬಡಿಯುತ್ತೆ ಅಂದ್ಕೊಂಡಿದ್ವಲ್ಲ, ಅದು ಉಲ್ಟಾ. ಗನ್ನಿಂದ ಏನೂ ಹೊರಗೆ ಬರಲ್ಲ, ಅದು ಬರೀ ನೋಡುತ್ತೆ. ಸ್ಕ್ರೂ ಬಿಚ್ಚಿ ನೋಡಿ (ಮಗಳನ್ನೂ ಕೂರಿಸ್ಕೊಳ್ಳಿ, ಹೋದ ಮರ್ಯಾದೆ ಸ್ವಲ್ಪ ವಾಪಸ್ ಬರ್ಬಹುದು), ನಳಿಗೆ ತುದಿಯಲ್ಲಿ ಒಂದು ಪುಟ್ಟ ಲೆನ್ಸು, ಅದರ ಹಿಂದೆ ಬೆಳಕು ಗುರುತಿಸೋ ಒಂದು ಚಿಕ್ಕ ಸೆನ್ಸರ್ರು, ಕೆಳಗೆ ಟ್ರಿಗರ್ ಸ್ವಿಚ್ಚು, ಒಂದು ಸ್ಪ್ರಿಂಗು. ಮುಗೀತು.

ಟ್ರಿಗರ್ ಒತ್ತಿದ ಕೂಡ್ಲೇ ಗೇಮು ಒಂದು ಫ್ರೇಮ್ (ಅಂದ್ರೆ ಟಿವಿ ತೋರಿಸೋ ಒಂದು ಚಿತ್ರ) ಪೂರ್ತಿ ಸ್ಕ್ರೀನ್ ಕಪ್ಪು ಮಾಡುತ್ತೆ, ಅದರ ಹಿಂದೆನೇ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ತೋರಿಸುತ್ತೆ. ಎರಡು ಬಾತುಕೋಳಿ ಹಾರ್ತಿದ್ರೆ ಮೊದಲು ಒಂದರ ಚೌಕ, ಆಮೇಲಿನ ಫ್ರೇಮ್‌ನಲ್ಲಿ ಇನ್ನೊಂದರದ್ದು. ಆ ಕ್ಷಣಕ್ಕೆ ಸರಿಯಾಗಿ ಗನ್ನಿನ ಕಣ್ಣಿಗೆ ಬೆಳಕು ಬಿದ್ರೆ ಹಿಟ್, ಇಲ್ದಿದ್ರೆ ಗೇಮಿನಲ್ಲಿರೋ ನಾಯಿ ಎದ್ದು ನಗುತ್ತೆ. ನಮಗೆ ಕಾಣೋದು ಸ್ಕ್ರೀನು ಒಮ್ಮೆ ಫಳಕ್ ಅಂದಿದ್ದಷ್ಟೇ. ಒಂದು ಫ್ರೇಮ್ ಅಂದ್ರೆ ನಮ್ಮ ಕಡೆಯ ಪಾಲ್ ಅನ್ನೋ ಟಿವಿ ಸಿಸ್ಟಮ್‌ನಲ್ಲಿ ಸೆಕೆಂಡಿನ 50ನೇ ಒಂದು ಭಾಗ, ಅಮೆರಿಕಾ ಜಪಾನ್ ಕಡೆ 60ನೇ ಒಂದು ಭಾಗ.

ಈಗ ನಿಮ್ಮ ಎಲ್‌ಇಡಿ ಟಿವಿ ಏನ್ಮಾಡುತ್ತೆ ನೋಡಿ. ಹಳದಿ ಪಿನ್ನಿಂದ ಬರೋ ಸಿಗ್ನಲ್ ತಗೊಂಡು ಅದನ್ನ ಡಿಜಿಟಲ್ ಮಾಡಿ, ಹಿಗ್ಗಿಸಿ, ನೀಟು ಮಾಡಿ ಆಮೇಲೆ ತೋರಿಸುತ್ತೆ, ಅಷ್ಟೊತ್ತಿಗೆ ಒಂದೆರಡು ಫ್ರೇಮ್ ಆದ್ರೂ ತಡ ಆಗಿರುತ್ತೆ, ಗೇಮು ಕೇಳಿ ಉತ್ತರ ಸಿಗದೆ ಮಿಸ್ ಅಂತ ಬರ್ಕೊಂಡಾಗಿರುತ್ತೆ. ಇದೊಂದೇ ಅಲ್ಲ. ಡಕ್ ಹಂಟ್‌ನ ಒರಿಜಿನಲ್ ಗನ್ನು, ಅಂದ್ರೆ ನಿಂಟೆಂಡೊ ಜ್ಯಾಪರ್, ಯಾವುದೋ ಒಂದು ಬೆಳಕು ಬಿದ್ರೆ ಒಪ್ಪಲ್ಲ, ಪಿಕ್ಚರ್ ಟ್ಯೂಬಿನಲ್ಲಿ ಗೆರೆ ಗೆರೆಯಾಗಿ ಚಿತ್ರ ಮೂಡುತ್ತಲ್ಲ, ಸೆಕೆಂಡಿಗೆ ಹದಿನೈದು ಸಾವಿರ ಚಿಲ್ಲರೆ ಗೆರೆ, ಆ ವೇಗದಲ್ಲಿ ಮಿನುಗೋ ಬೆಳಕನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳೋ ಹಾಗೆ ಒಳಗೆ ಫಿಲ್ಟರ್ ಇಟ್ಟಿದ್ದಾರೆ. ಎಲ್‌ಇಡಿ ಪ್ಯಾನಲ್ ಹಂಗೆ ಮಿನುಗಲ್ಲ. ಹಾಗಾಗಿ ಮುಟ್ಟಿಸಿ ಹೊಡೆದ್ರೂ ಅಷ್ಟೇ, ಎದುರುಮನೆ ಮಹಡಿಯಿಂದ ಹೊಡೆದ್ರೂ ಅಷ್ಟೇ.

ಇರೋ ಔಷಧಿ ಒಂದೇ, ಹಳೇ ಡಬ್ಬಾ ಟಿವಿ. ಅಜ್ಜಿ ಮನೇಲಿ ಒಂದು ಇದ್ದೇ ಇರುತ್ತೆ, ಕೇಳಿ ನೋಡಿ.

ಪ್ರ: ಎವಿ ಟು ಹೆಚ್‌ಡಿಎಂಐ ಕನ್ವರ್ಟರ್ ಹಾಕಿದ್ರೆ ಗನ್ ವರ್ಕ್ ಆಗುತ್ತೆ ಅಂತ ಅಂಗಡಿಯವ್ರು ಹೇಳಿದ್ರು, ತಗೊಳ್ಲಾ? – ದಾವಣಗೆರೆಯ ಓದುಗರು

ಬೇಡ. ಅದು ಪಿನ್ ಬದಲಾಯಿಸುತ್ತೆ, ಪ್ಯಾನಲ್ ಬದಲಾಯಿಸಲ್ಲ. ಮೇಲಾಗಿ ಆ ಡಬ್ಬಿನೂ ತನ್ನ ಪಾಲಿನ ತಡ ಸೇರಿಸುತ್ತೆ. ತಡ ಕಮ್ಮಿ ಮಾಡೋ ಟಿವಿಯ ಗೇಮ್ ಮೋಡ್ ಆನ್ ಮಾಡಿದ್ರೂ ಇದೇ ಕಥೆ, ಜಾಯ್‌ಸ್ಟಿಕ್ಕಿಗೆ ಒಳ್ಳೇದು, ಗನ್ನಿಗೆ ಸಾಲಲ್ಲ.

ಪ್ರ: ನಮ್ಮಣ್ಣ ಚಿಕ್ಕೋನಿದ್ದಾಗ ಟ್ಯೂಬ್‌ಲೈಟಿಗೆ ಗುರಿ ಇಟ್ಟು ಎಲ್ಲಾ ಬಾತುಕೋಳಿ ಹೊಡೀತಿದ್ದೆ ಅಂತ ಇವತ್ತಿಗೂ ಕೊಚ್ಕೊಳ್ತಾನೆ. ನಿಜಾನಾ? ಒಂದು ಬಿರಿಯಾನಿ ಬೆಟ್ ಇದೆ. – ಮೈಸೂರಿನ ಓದುಗರು

ಡಕ್ ಹಂಟ್ ಆಗಿದ್ರೆ ಬಿರಿಯಾನಿ ನಿಮ್ಮದೇ. ಮೇಲೆ ಹೇಳಿದ್ನಲ್ಲ ಆ ಕಪ್ಪು ಫ್ರೇಮು, ಅದು ಇರೋದೇ ನಿಮ್ಮಣ್ಣನಂಥೋರಿಗೆ. ಕಪ್ಪಾದಾಗಲೂ ಗನ್ನಿಗೆ ಬೆಳಕು ಕಾಣ್ತಿದೆ ಅಂದ್ರೆ ಇವನು ಟಿವಿ ಕಡೆ ಹಿಡಿದಿಲ್ಲ ಅಂತ ಗೇಮಿಗೆ ಗೊತ್ತಾಗುತ್ತೆ, ಮಿಸ್ ಕೊಡುತ್ತೆ. ಅದಕ್ಕಿಂತ ಹಿಂದಿನ ಕಾಲದಲ್ಲಿ ಈ ಮೋಸ ನಡೀತಿತ್ತು ಅನ್ನೋದು ಹೌದು, 1972ರಲ್ಲಿ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಅನ್ನೋ ವಿಡಿಯೋ ಗೇಮ್ ಮಷೀನ್ ಜೊತೆಗೆ ಬೇರೆಯಾಗಿ ಮಾರ್ತಿದ್ದ ರೈಫಲ್‌ಗೆ ಯಾವ ಬೆಳಕಾದ್ರೂ ಸಾಕಿತ್ತು, ಬಲ್ಬಿಗೆ ಹಿಡಿದ್ರೂ ಹಿಟ್. ನಿಮ್ಮಣ್ಣ ಆಡಿದ್ದು ಅದನ್ನ ಅಂತ ವಾದ ತೆಗೆದ್ರೆ ವಯಸ್ಸೆಷ್ಟು ಅಂತ ಕೇಳಿ.

ಪ್ರ: ನಮ್ಮದು ಪಿಕ್ಚರ್ ಟ್ಯೂಬ್ ಟಿವಿನೇ ಸರ್, 29 ಇಂಚು, ಫ್ಲ್ಯಾಟ್, ಆ ಕಾಲಕ್ಕೆ ತುಂಬಾ ಕಾಸ್ಟ್ಲಿ. ಇದರಲ್ಲೂ ಗನ್ ನಡೀತಿಲ್ಲ. ಪಕ್ಕದ ಮನೆಯವರ 14 ಇಂಚಿನ ಡಕೋಟಾ ಟಿವಿಲಿ ನಡೀತು! – ಶಿವಮೊಗ್ಗದ ಓದುಗರು

ನಿಮ್ಮ ಟಿವಿ ಮುಂಭಾಗದಲ್ಲೋ ಹಿಂದಿನ ಸ್ಟಿಕರ್ ಮೇಲೋ 100 ಹರ್ಟ್ಸ್ ಅಂತ ಬರೆದಿದ್ಯಾ ನೋಡಿ, ಇರುತ್ತೆ ಅಂತ ನನ್ನ ಊಹೆ. ಚಿತ್ರ ನಡುಗಬಾರ್ದು ಅಂತ ಆ ಟಿವಿಗಳು ಪ್ರತಿ ಚಿತ್ರವನ್ನೂ ಒಳಗೆ ಡಿಜಿಟಲ್ ಮೆಮೊರಿಲಿ ಇಟ್ಕೊಂಡು ಎರಡೆರಡು ಸಲ ತೋರಿಸ್ತಾವೆ. ಕಣ್ಣಿಗೆ ಹಿತ, ಗನ್ನಿಗೆ ಗೊಂದಲ, ಯಾಕಂದ್ರೆ ಗೆರೆಗಳ ವೇಗನೂ ಡಬಲ್ಲು, ಟೈಮಿಂಗೂ ಹೋಯ್ತು. ಫ್ಲ್ಯಾಟ್ ಆಗಿರೋದು ತೊಂದ್ರೆ ಅಲ್ಲ, 50 ಹರ್ಟ್ಸ್ ಫ್ಲ್ಯಾಟ್ ಟ್ಯೂಬ್ ಆಗಿದ್ರೆ ಆರಾಮಾಗಿ ನಡೀತಿತ್ತು. ಈ ಒಂದು ವಿಷಯದಲ್ಲಿ ಕಾಸ್ಟ್ಲಿ ಟಿವಿ ಸೋತು ಡಕೋಟಾ ಗೆಲ್ಲುತ್ತೆ, ಅದಕ್ಕೆ ಪಕ್ಕದ ಮನೆಯವರು ಅದನ್ನ ಗುಜರಿಗೆ ಹಾಕೋ ಮುಂಚೆ ಒಂದು ಮಾತು ಹೇಳಿಡಿ.

ಗುಜರಿ ಅಂದಾಗ ನೆನಪಾಯ್ತು. ನಾನು ತಗೊಂಡಿದ್ದೂ ಒಂದು ಗುಜರಿ ಅಂಗಡಿಯಿಂದಾನೇ, 14 ಇಂಚು, ಆನ್ ಆಗುತ್ತೆ ಅಂದ, ಆನ್ ಆಯ್ತು. ಮನೆಗೆ ತಂದು ಗನ್ ಹಿಡಿದ್ರೆ ಹತ್ತಕ್ಕೆ ಎರಡು ಏಟು ಬೀಳೋದು. ಟ್ಯೂಬು ವಯಸ್ಸಾಗಿ ಮಂಕಾಗಿತ್ತು ಅಷ್ಟೇ. ಬ್ರೈಟ್‌ನೆಸ್ ಕಾಂಟ್ರಾಸ್ಟ್ ಎರಡೂ ಏರಿಸಿ, ಗ್ಲಾಸಿನ ಮೇಲಿದ್ದ ಅಡುಗೆಮನೆ ಜಿಡ್ಡು ಒದ್ದೆ ಬಟ್ಟೇಲಿ ಒರೆಸಿ, ಗನ್ನಿನ ಲೆನ್ಸನ್ನ ಇಯರ್‌ಬಡ್‌ನಲ್ಲಿ ಉಜ್ಜಿ, ಎದುರಿನ ಟ್ಯೂಬ್‌ಲೈಟ್ ಆರಿಸಿ, ಐದಾರು ಅಡಿ ದೂರ ನಿಂತೆ, ಎಂಟಕ್ಕೆ ಬಂತು. ಮಿಕ್ಕಿದ್ದೆರಡು ನನ್ನ ಗುರಿಯದ್ದೇ ತಪ್ಪು. ನೀವೂ ಇದೆಲ್ಲ ಮಾಡಿ, ಆದ್ರೆ ಟಿವಿ ಹಿಂದಿನ ಕವರ್ ಮಾತ್ರ ಬಿಚ್ಬೇಡಿ, ಕಲರ್ ಟ್ಯೂಬಿಗೆ ಹೋಗೋದು 20 ಸಾವಿರ ವೋಲ್ಟ್ ಆಸುಪಾಸು, ಪ್ಲಗ್ ಕಿತ್ತ ಮೇಲೂ ಒಳಗೆ ಉಳ್ಕೊಂಡಿರುತ್ತೆ, ಗೊತ್ತಿರೋ ಮೆಕ್ಯಾನಿಕ್ಕೇ ಬೇಕು.

ಪ್ರ: ನಮ್ಮ ಮಾಮಾನ ಮಗ ಅಮೇರಿಕಾದಿಂದ ಹಳೇ ಪ್ಲೇಸ್ಟೇಷನ್ ಮತ್ತ ಅದರ ಗನ್ ತಂದಾನ್ರಿ. ಗನ್ನಿಗೆ ಒಂದು ಹೆಚ್ಚಿನ ಹಳದಿ ವೈರ್ ಐತಿ, ಅದನ್ನ ಎಲ್ಲಿ ಹಾಕೂದು ತಿಳಿವಲ್ದು. ಹಾಕ್ಲಿಲ್ಲಂದ್ರ ನಡಿಯೂದಿಲ್ಲೇನ್ರಿ? – ಹುಬ್ಬಳ್ಳಿಯ ಓದುಗರು

ವೈರ್ ಆಮೇಲೆ, ಮೊದಲು ಪ್ಲಗ್ಗು. ಅಮೆರಿಕಾದ ಮೊದಲ ಪ್ಲೇಸ್ಟೇಷನ್ ಅಲ್ಲಿನ 120 ವೋಲ್ಟಿಗೆ ಮಾಡಿದ್ದು, ನಮ್ಮ 230ಕ್ಕೆ ನೇರ ಚುಚ್ಚಿದ್ರೆ ಹೊಗೆ ಬರುತ್ತೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ದೆ ಹಾಕ್ಲೇಬೇಡಿ. ಇನ್ನೊಂದು, ಅದು ಕೊಡೋದು ಎನ್‌ಟಿಎಸ್‌ಸಿ, ಅಂದ್ರೆ ಅಮೆರಿಕಾ ಸಿಸ್ಟಮ್ಮಿನ ಚಿತ್ರ, ನಿಮ್ಮ ಟ್ಯೂಬ್ ಟಿವಿ ಬರೀ ಪಾಲ್ ಆಗಿದ್ರೆ ಕಪ್ಪುಬಿಳುಪು ಬರ್ಬಹುದು ಇಲ್ಲಾ ಚಿತ್ರ ಮೇಲಕ್ಕೆ ಉರುಳ್ತಾ ಇರ್ಬಹುದು, ಮೆನುವಿನಲ್ಲಿ ಕಲರ್ ಸಿಸ್ಟಮ್ ಅಂತ ಇದ್ರೆ ಆಟೋಗೆ ಇಡಿ.

ಈಗ ಹಳದಿ ವೈರು. ಅದು ನ್ಯಾಮ್ಕೊ ಕಂಪನಿಯ ಗನ್‌ಕಾನ್, ಟೈಮ್ ಕ್ರೈಸಿಸ್ ಗೇಮ್ ಜೊತೆ ಬಂದಿದ್ದು. ಇದು ಡಕ್ ಹಂಟ್ ಥರ ಬಿಳಿ ಚೌಕ ಹುಡುಕಲ್ಲ, ಇದರ ಲೆಕ್ಕನೇ ಬೇರೆ, ನನಗಂತೂ ಇಡೀ ಲೈಟ್ ಗನ್ ಕಥೇಲಿ ಇಷ್ಟ ಆಗೋ ಭಾಗ ಇದು. ಟ್ಯೂಬ್ ಟಿವಿಲಿ ಇಡೀ ಚಿತ್ರ ಒಟ್ಟಿಗೆ ಬರಲ್ಲ, ಒಂದೇ ಒಂದು ಚುಕ್ಕಿ ಎಡದಿಂದ ಬಲಕ್ಕೆ ಗೆರೆ ಎಳೀತಾ ಮೇಲಿಂದ ಕೆಳಗೆ ಇಳೀತಾ ಹೋಗುತ್ತೆ, ನಮ್ಮಜ್ಜಿ ರಂಗೋಲಿ ಗೆರೆ ಎಳೆದಂಗೆ, ಆದ್ರೆ ಒಂದೊಂದು ಗೆರೆಗೆ 64 ಮೈಕ್ರೋಸೆಕೆಂಡು. ಗನ್ನು ನೋಡ್ತಿರೋ ಜಾಗಕ್ಕೆ ಆ ಚುಕ್ಕಿ ಬಂದ ತಕ್ಷಣ ಸೆನ್ಸರ್ ಎಚ್ಚರ ಆಗುತ್ತೆ. ಚಿತ್ರ ಶುರುವಾಗಿ ಎಷ್ಟು ಹೊತ್ತಿಗೆ ಎಚ್ಚರ ಆಯ್ತು ಅಂತ ಗೊತ್ತಾದ್ರೆ ಎಷ್ಟನೇ ಗೆರೆ, ಗೆರೆಯಲ್ಲಿ ಎಲ್ಲಿ ಅಂತ ಗೊತ್ತಾದ ಹಾಗೇ. ಆದ್ರೆ ಚಿತ್ರ ಯಾವಾಗ ಶುರುವಾಯ್ತು ಅಂತ ಗನ್ನಿಗೆ ಯಾರು ಹೇಳ್ಬೇಕು? ಆ ಹಳದಿ ವೈರು. ಪ್ಲೇಸ್ಟೇಷನ್ನಿನ ಹಳದಿ ಪಿನ್ನನ್ನ ಗನ್ನಿನ ಹಳದಿ ಪ್ಲಗ್ಗಿನ ಹಿಂದೆ ಸಿಕ್ಕಿಸಿ, ಆ ಪ್ಲಗ್ಗನ್ನ ಟಿವಿಯ ವಿಡಿಯೋ ಇನ್‌ಗೆ ಹಾಕಿ, ಚಿತ್ರ ಟಿವಿಗೂ ಹೋಗುತ್ತೆ, ಚಿತ್ರ ಶುರುವಾಯ್ತು ಅನ್ನೋ ಸಿಂಕ್ ಸಿಗ್ನಲ್ ಗನ್ನಿಗೂ ಸಿಗುತ್ತೆ. ಹಾಕ್ಲಿಲ್ಲಂದ್ರ ನಡಿಯೂದಿಲ್ರಿ. ಆಮೇಲೆ ಗೇಮ್ ಶುರುಮಾಡಿ ಮಧ್ಯಕ್ಕೆ ಹೊಡಿ ಅಂತ ಕೇಳಿದಾಗ ನೀವು ಎಲ್ಲಿ ಕೂತು ಆಡ್ತೀರೋ ಅಲ್ಲೇ ಕೂತು ಹೊಡೀರಿ, ಆಮೇಲೆ ಜಾಗ ಬದಲಾಯಿಸ್ಬೇಡಿ.

ಪ್ಲೇಸ್ಟೇಷನ್ 2ರ ಗನ್‌ಕಾನ್ 2 ಕೂಡ ಇದೇ ಥರ, ಅದು ಯುಎಸ್‌ಬಿಗೆ ಹೋಗುತ್ತೆ, ಹಳದಿ ವೈರ್ ಅದಕ್ಕೂ ಇದೆ. ಎರಡಕ್ಕೂ ಟ್ಯೂಬ್ ಟಿವಿನೇ ಬೇಕು.

ಪ್ರ: ಬ್ರೋ, ಅಪಾರ್ಟ್‌ಮೆಂಟಲ್ಲಿ ಸಿಆರ್‌ಟಿ (ಪಿಕ್ಚರ್ ಟ್ಯೂಬ್ ಟಿವಿ) ಇಡೋಕೆ ಜಾಗ ಇಲ್ಲ, ಹೆಂಡ್ತಿ ಒಪ್ಪೋದೂ ಇಲ್ಲ. ಈಗಿನ ಟಿವಿಲಿ ಗನ್ ಗೇಮ್ ಆಡೋಕೆ ದಾರಿನೇ ಇಲ್ವಾ? – ಬೆಂಗಳೂರಿನ ಓದುಗರು

ಇದೆ ಬ್ರೋ, ಆದ್ರೆ ಹಳೇ ಗನ್ ಮರೀಬೇಕು. ಸಸ್ತಾ ದಾರಿ ನಿಂಟೆಂಡೊ ವೀ ಅನ್ನೋ ಗೇಮ್ ಮಷೀನು, 2006ರದ್ದು, ಸೆಕೆಂಡ್‌ಹ್ಯಾಂಡ್ ಹುಡುಕಿ. ಟಿವಿ ಮೇಲೆ ಇಡೋ ಪಟ್ಟಿಗೆ ಸೆನ್ಸರ್ ಬಾರ್ ಅಂತ ಹೆಸರು, ಅದರಲ್ಲಿ ಸೆನ್ಸರ್ ಅನ್ನೋದೇ ಇಲ್ಲ! ಎರಡು ತುದಿಲಿ ಇನ್‌ಫ್ರಾರೆಡ್ ದೀಪ ಇವೆ ಅಷ್ಟೇ, ಕ್ಯಾಮೆರಾ ಇರೋದು ರಿಮೋಟಿನ ಮೂತಿಲಿ. ರಿಮೋಟು ಆ ದೀಪಗಳನ್ನ ನೋಡಿ ತಾನು ಎತ್ತ ತಿರುಗಿದೀನಿ ಅಂತ ಲೆಕ್ಕ ಹಾಕುತ್ತೆ, ಟಿವಿ ಯಾವ್ದಾದ್ರೂ ಅದಕ್ಕೆ ಚಿಂತೆ ಇಲ್ಲ. ಬಾರ್ ಕೆಟ್ರೆ ಎರಡು ಮೇಣದಬತ್ತಿ ಹಚ್ಚಿಟ್ರೂ ನಡೆಯುತ್ತೆ, ನಾನೇ ಕರೆಂಟ್ ಇದ್ದಾಗ್ಲೇ ಮೇಣದಬತ್ತಿ ಹಚ್ಚಿ ಮನೆಯವ್ರ ಹತ್ರ ಬೈಸ್ಕೊಂಡಿದೀನಿ. ಬಾರ್ ಸರಿ ಇದ್ಯಾ ಅಂತ ನೋಡೋಕೆ ಫೋನ್ ಕ್ಯಾಮೆರಾ ಹಿಡೀರಿ, ದೀಪಗಳು ನೇರಳೆ ಬಣ್ಣದಲ್ಲಿ ಕಾಣ್ತಾವೆ, ಹಿಂದಿನ ಕ್ಯಾಮೆರಾದಲ್ಲಿ ಕಾಣ್ದಿದ್ರೆ ಸೆಲ್ಫಿ ಕ್ಯಾಮೆರಾ ಟ್ರೈ ಮಾಡಿ. ಎದುರಿಗೆ ಕಿಟಕಿ ಬಿಸಿಲು ಬೀಳ್ತಿದ್ರೆ ಪರದೆ ಎಳೀರಿ, ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತೆ, ರಿಮೋಟಿಗೆ ತಲೆ ಕೆಡುತ್ತೆ.

ಕೊರತೆ ಏನಂದ್ರೆ ಇದು ನಿಜವಾದ ಗುರಿ ಅಲ್ಲ, ಸ್ಕ್ರೀನ್ ಮೇಲೆ ಓಡಾಡೋ ಗುರುತು ನೋಡ್ಕೊಂಡು ಹೊಡೀಬೇಕು. ಒಂದು ಕಣ್ಣು ಮುಚ್ಚಿ ನಳಿಗೆ ಮೇಲಿಂದ ಗುರಿ ಹಿಡಿಯೋ ಮಜಾನೇ ಬೇಕು, ಪಿಸಿಲಿ ಎಮ್ಯುಲೇಟರ್ (ಹಳೇ ಗೇಮ್ ಓಡಿಸೋ ಸಾಫ್ಟ್‌ವೇರ್) ಹಾಕೋಕೂ ಬರುತ್ತೆ ಅಂದ್ರೆ ಸಿಂಡೆನ್ ಅಂತೊಂದು ಗನ್ ಇದೆ, ಅದರ ಮೂತಿಲಿ ಕ್ಯಾಮೆರಾ, ಚಿತ್ರದ ಸುತ್ತ ಒಂದು ಬಿಳಿ ಚೌಕಟ್ಟು ಹಾಕ್ಕೊಂಡು ಆ ಚೌಕಟ್ಟನ್ನ ನೋಡಿ ಗುರಿ ಕಂಡುಹಿಡಿಯುತ್ತೆ. ಗನ್‌ಫಾರ್‌ಐಆರ್ ಅನ್ನೋದರಲ್ಲಿ ಚೌಕಟ್ಟು ಬೇಡ, ಟಿವಿ ಸುತ್ತ ನಾಲ್ಕು ಇನ್‌ಫ್ರಾರೆಡ್ ದೀಪ ಅಂಟಿಸ್ಬೇಕು. ಎರಡೂ ನಮ್ಮ ದೇಶಕ್ಕೆ ತರಿಸೋದು ದುಬಾರಿ ಬಾಬ್ತು. ಹೆಂಡ್ತಿಗೆ ಬಿಲ್ ತೋರಿಸೋದಾ ಸಿಆರ್‌ಟಿ ತೋರಿಸೋದಾ ನೀವೇ ಯೋಚನೆ ಮಾಡಿ.

ಪ್ರ: ಊರಲ್ಲಿ ಸಿಕ್ಕಿದ ಹಳೇ ಗನ್ನನ್ನ ಒರಿಜಿನಲ್ ನಿಂಟೆಂಡೊಗೆ ಹಾಕ್ಬಹುದಾ? – ಮಂಗಳೂರಿನ ಓದುಗರು

ಪಿನ್ನೇ ಕೂರಲ್ಲ. 90ರ ದಶಕದಲ್ಲಿ ನಮ್ಮ ಕಡೆ ಮನೆಮನೇಲಿ ಇದ್ದಿದ್ದು ಹೆಚ್ಚಾಗಿ ಫ್ಯಾಮಿಕಾಮ್‌ನ (ನಿಂಟೆಂಡೊ ಜಪಾನಿನಲ್ಲಿ ಮಾರ್ತಿದ್ದ ಮಷೀನ್) ನಕಲು, ಅವುಗಳ ಗನ್ನಿಗೆ 9 ಪಿನ್ನೋ 15 ಪಿನ್ನೋ ಇರುತ್ತೆ, ಅಮೆರಿಕಾದ ನಿಂಟೆಂಡೊದ್ದು 7 ಪಿನ್ನು. ಯಾವ ಮಷೀನಿನ ಜೊತೆ ಬಂತೋ ಅದಕ್ಕೇ ಹಾಕಿ.

ಪ್ರ: ಆ ನಾಯಿಗೆ ಹೊಡೆಯೋಕೆ ಆಗುತ್ತಾ ಅಂಕಲ್? – 7ನೇ ಕ್ಲಾಸ್, ಹಾಸನ

ಮನೇಲಿ ಆಡೋ ಡಕ್ ಹಂಟ್‌ನಲ್ಲಿ ಆಗಲ್ಲ ಪುಟ್ಟಾ, ನಿಮ್ಮಪ್ಪನೂ ಟ್ರೈ ಮಾಡಿರ್ತಾರೆ, ಕೇಳಿ ನೋಡು. ಹೊರದೇಶದ ಗೇಮ್ ಪಾರ್ಲರ್‌ಗಳಲ್ಲಿ ಕಾಯಿನ್ ಹಾಕಿ ಆಡೋ ಇನ್ನೊಂದು ಡಕ್ ಹಂಟ್ ಇತ್ತು, ಅದರ ಬೋನಸ್ ರೌಂಡಿನಲ್ಲಿ ನಾಯಿ ಪೊದೆಯಿಂದ ನೆಗೆದು ಅಡ್ಡ ಬರುತ್ತೆ, ಅದಕ್ಕೆ ಗುಂಡು ತಾಗುತ್ತೆ. ತಾಗಿದ್ರೆ ಬೋನಸ್ ರೌಂಡೇ ಅಲ್ಲಿಗೆ ಮುಗಿದುಹೋಗುತ್ತೆ.