25 ಸಾವಿರದೊಳಗೆ ಮನೆಗೊಂದು ಮಿನಿ ಪಿಸಿ: ಎಸ್‌ಪಿ ರೋಡಿನ ಹಳೆ ಐ5 ತಗೊಳ್ಳೋದಾ, ಹೊಸ ಎನ್100 ತಗೊಳ್ಳೋದಾ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ರಾಜಾಜಿನಗರದ ಮನೆಯಲ್ಲಿದ್ದ ಹಳೆಯ ಟವರ್ ಕೈಕೊಟ್ಟಿದೆ, ವಿಜಿಎ ಮಾತ್ರ ಇರುವ ಮಾನಿಟರ್ ಇನ್ನೂ ಚೆನ್ನಾಗಿದೆ. ಮಗಳ ಆನ್‌ಲೈನ್ ಕ್ಲಾಸು, ಯೂಟ್ಯೂಬು, ಬ್ಯಾಂಕಿನ ಕೆಲಸ, ತಂದೆಯವರ ನುಡಿ ಟೈಪಿಂಗ್, ಇದಿಷ್ಟೇ ಬಳಕೆ. ಕೈಯಲ್ಲಿ 25 ಸಾವಿರ ಇದೆ. ಎಸ್‌ಪಿ ರೋಡಿನಲ್ಲಿ (ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ) ಒಬ್ಬರು ‘ಐ5 ಮಿನಿ’, ಅಂದರೆ ಇಂಟೆಲ್ ಐ5 ಪ್ರೊಸೆಸರಿನ ಹಳೆಯ ಪುಟ್ಟ ಕಂಪ್ಯೂಟರ್ ತೋರಿಸಿದ್ದಾರೆ, ಆನ್‌ಲೈನಿನಲ್ಲಿ ಇಂಟೆಲ್ ಎನ್100 ಚಿಪ್ಪಿನ ಹೊಸ ಡಬ್ಬಿ ಕಣ್ಣಿಗೆ ಬಿದ್ದಿದೆ.

ಅಂಗಡಿಯಲ್ಲಿ ಅರ್ಧ ದಿನ ಕೂತು ಪರೀಕ್ಷೆ ಮಾಡಿ ತರುವ ತಾಳ್ಮೆ ಇದ್ದರೆ ಆಫೀಸುಗಳಿಂದ ಬಂದ ಹಳೆಯ ಮಿನಿ ತಗೊಳ್ಳಿ. ಆದರೆ ಎಂಟನೇ ತಲೆಮಾರಿನ ಐ5 ಅಥವಾ ಅದಕ್ಕಿಂತ ಹೊಸದು, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಮಾತ್ರ ಹೊಸದು. ಅಷ್ಟು ಓಡಾಟ ಆಗೋಲ್ಲ ಅಂದರೆ 16 ಜಿಬಿಯ ಹೊಸ ಎನ್100 ಇಲ್ಲವೇ ಅದರ ನಂತರ ಬಂದ ಎನ್150. ನಿಮ್ಮ ಕೆಲಸಕ್ಕೆ ಎರಡೂ ಸಾಕು. ದುಡ್ಡು ಹಾಳಾಗುವುದು ಡಬ್ಬಿಯ ಆಯ್ಕೆಯಲ್ಲಿ ಅಲ್ಲ, ಅದರ ಜೊತೆ ಬರಬೇಕಾದದ್ದು ಬಾರದೇ ಇದ್ದಾಗ. ಆ ಕಡೆಗೇ ಹೆಚ್ಚು ಬರೆಯುತ್ತೇನೆ.

ಮೊದಲು ‘ಐ5’ ಅನ್ನುವ ಮಾತು. ಅದೊಂದರಿಂದ ಏನೂ ತಿಳಿಯುವುದಿಲ್ಲ, ಮುಂದಿನ ಸಂಖ್ಯೆ ಕೇಳಿ. 6500ಟಿ ಅಂದರೆ ಆರನೇ ತಲೆಮಾರು, 7500ಟಿ ಏಳನೆಯದು, 8500ಟಿ ಎಂಟನೆಯದು. ವಿಂಡೋಸ್ 11 ಅಧಿಕೃತವಾಗಿ ಓಡುವುದು ಎಂಟನೇ ತಲೆಮಾರಿನಿಂದ ಮೇಲಕ್ಕೆ, ಏಳರಲ್ಲಿ ಬೆರಳೆಣಿಕೆಯಷ್ಟು ಚಿಪ್ ಬಿಟ್ಟರೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಆರು–ಏಳನೇ ತಲೆಮಾರಿನ ಮಿನಿಗಳು ಈಗ ರಾಶಿ ರಾಶಿ ಬಂದು ಬಿದ್ದಿವೆ, ಅಗ್ಗವೂ ಹೌದು. ಅವುಗಳ ಮೇಲೆ ವಿಂಡೋಸ್ ಮಾಡುವ ಯಂತ್ರದ ಅರ್ಹತೆಯ ಪರೀಕ್ಷೆ ತಪ್ಪಿಸಿ ವಿಂಡೋಸ್ 11 ಹಾಕಿ ‘ಲೇಟೆಸ್ಟ್ ವಿಂಡೋಸ್ ಸಾರ್’ ಎಂದು ಕೊಡುತ್ತಾರೆ. ಇವತ್ತು ಓಡುತ್ತದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಯಾರನ್ನಾದರೂ ಹಿಡಿಯಬೇಕು. ಮನೆ ಬಳಕೆಗೆ ಆ ರಗಳೆ ಬೇಡ. ಜೊತೆಗೆ 7500ಟಿಯಲ್ಲಿ ನಾಲ್ಕು ಕೋರ್, 8500ಟಿಯಲ್ಲಿ ಆರು.

ಮಾಡೆಲ್ ಹೆಸರಿನಿಂದಲೂ ತಲೆಮಾರು ಹಿಡಿಯಬಹುದು. ಲೆನೊವೊ ಥಿಂಕ್‌ಸೆಂಟರ್ ಎಂ710ಕ್ಯೂ ಆರು–ಏಳು, ಎಂ720ಕ್ಯೂ ಎಂಟು–ಒಂಬತ್ತು. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋದಲ್ಲಿ 3050 ಹಳೆಯದು, 3060 ಎಂಟನೆಯದು, 3070 ಒಂಬತ್ತು. ಎಚ್‌ಪಿ ಎಲೀಟ್‌ಡೆಸ್ಕ್ 800 ಮಿನಿಯಲ್ಲಿ ಜಿ3 ಬಿಡಿ, ಜಿ4 ಹಿಡಿಯಿರಿ. ಕೊನೆಯಲ್ಲಿ ‘ಟಿ’ ಇದೆಯೇ ನೋಡಿ. ಟಿ ಅಂದರೆ 35 ವ್ಯಾಟಿನ ಚಿಪ್. ಟಿ ಇಲ್ಲದ 65 ವ್ಯಾಟಿನದು ಅಷ್ಟು ಚಿಕ್ಕ ಡಬ್ಬಿಯಲ್ಲಿ ಬಿಸಿಯೂ ಹೌದು, ಫ್ಯಾನಿನ ಗಲಾಟೆಯೂ ಹೌದು.

ಎನ್100 ಬೇರೆ ಜಾತಿ. 2023ರಲ್ಲಿ ಬಂದ ನಾಲ್ಕು ಕೋರಿನ 6 ವ್ಯಾಟ್ ಚಿಪ್. ಬ್ರೌಸರು, ಕ್ಲಾಸು, ಪಿಡಿಎಫ್ ಇಂಥದ್ದರಲ್ಲಿ 8500ಟಿಗೂ ಇದಕ್ಕೂ ವ್ಯತ್ಯಾಸ ಕೈಗೆ ಗೊತ್ತಾಗುವುದು ಕಷ್ಟ. ಕ್ಲಾಸ್ ನಡೆಯುವಾಗಲೇ ಇಪ್ಪತ್ತು ಟ್ಯಾಬು, ಜೊತೆಗೆ ಆಂಟಿವೈರಸ್ ಸ್ಕ್ಯಾನ್ ಅಂದಾಗ ಆರು ಕೋರಿನದು ಮುಂದೆ ನಿಲ್ಲುತ್ತದೆ. ಒಂದು ವಿಷಯದಲ್ಲಿ ಮಾತ್ರ ಎನ್100 ಮೇಲು: ಯೂಟ್ಯೂಬ್ ಈಗ ಎಷ್ಟೋ ವಿಡಿಯೋಗಳನ್ನು ಎವಿ1 ರೂಪದಲ್ಲಿ ಕಳಿಸುತ್ತದೆ, ಅದನ್ನು ಬಿಚ್ಚುವ ಯಂತ್ರಾಂಗ ಎನ್100ರ ಒಳಗೇ ಇದೆ, 8500ಟಿಯಲ್ಲಿ ಇಲ್ಲ. 1080ಪಿ ನೋಡುವವರೆಗೆ ಐ5ಗೆ ಅದೇನೂ ಭಾರವಲ್ಲ. ಮುಂದೆ 4ಕೆ ಟಿವಿಗೆ ಹಚ್ಚುವ ಯೋಚನೆ ಇದ್ದರೆ ಎನ್100 ಕಡೆ ವಾಲಿ.

ಎನ್100 ತಗೊಳ್ಳುವಾಗ ಕೇಳಬೇಕಾದ್ದು: ರ‍್ಯಾಮ್ ಸ್ಲಾಟಿನಲ್ಲಿದೆಯೋ, ಬೋರ್ಡಿಗೆ ಬೆಸುಗೆ ಹಾಕಿದೆಯೋ? ಈ ಚಿಪ್ಪಿಗೂ ಮೆಮೊರಿಗೂ ನಡುವೆ ಇರುವುದು ಒಂದೇ ಚಾನೆಲ್ (ದಾರಿ), ಸ್ಲಾಟ್ ಇದ್ದರೂ ಸಾಮಾನ್ಯವಾಗಿ ಒಂದೇ. 8 ಜಿಬಿ ಬೆಸುಗೆಯದ್ದು ತಂದರೆ ಅಲ್ಲಿಗೆ ಮುಗಿಯಿತು. ವಿಂಡೋಸ್ 11 ತಾನೊಬ್ಬನೇ ಮೂರು–ನಾಲ್ಕು ಜಿಬಿ ನುಂಗಿ ಕೂರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ ‘8 ಜಿಬಿ ಈಗ, ಮಿಕ್ಕಿದ್ದು ಆಮೇಲೆ’ ಅನ್ನುವ ಲೆಕ್ಕವೂ ಹಳೆಯದಾಯಿತು. 16 ಇರುವುದನ್ನೇ ಹುಡುಕಿ. ‘ಇಎಂಎಂಸಿ 64 ಜಿಬಿ’ ಅಂತ ಕಂಡರೆ ಪುಟ ಮುಚ್ಚಿ, ಅದು ಬೋರ್ಡಿಗೇ ಬೆಸೆದ ಅಗ್ಗದ ಸಂಗ್ರಹ, ನಿಧಾನ, ಬದಲಿಸಲೂ ಆಗುವುದಿಲ್ಲ. ಎರಡು ಕೋರಿನ ಸೆಲೆರಾನ್ ಎನ್4020 ಡಬ್ಬಿಗಳದ್ದೂ ಅದೇ ಕಥೆ.

ರಾಸ್‌ಬೆರಿ ಪೈ 5 ಎಂಬ ಅಂಗೈಯಗಲದ ಬೋರ್ಡ್ ಕಂಪ್ಯೂಟರನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಲಿಯುವವರಿಗೆ ಚಿನ್ನದಂಥದ್ದು, ಮನೆಮಂದಿಯ ಕಂಪ್ಯೂಟರಿಗೆ ಬೇಡ. ಮ್ಯಾಕ್ ಮಿನಿ ಎಂ4 ಭಾರತಕ್ಕೆ ಬಂದಾಗಿನ ಬೆಲೆಯೇ 59,900. ಒಳ್ಳೆಯ ಯಂತ್ರ, ನಿಮ್ಮ ಬಜೆಟ್ಟಿನದ್ದಲ್ಲ, ನುಡಿಯ ಕೆಲಸಕ್ಕೂ ಸರಿಹೋಗುವುದಿಲ್ಲ.

ಈಗ ಎಸ್‌ಪಿ ರೋಡು. ಭಾನುವಾರ ಹೋಗಬೇಡಿ, ಬಹುಪಾಲು ಬಾಗಿಲು ಹಾಕಿರುತ್ತದೆ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು, ಗಾಡಿ ಒಯ್ದರೆ ಪಾರ್ಕಿಂಗಿಗೇ ಒಂದು ಗಂಟೆ. ಜೇಬಿನಲ್ಲೊಂದು ಪೆನ್‌ಡ್ರೈವ್, ಹೆಡ್‌ಫೋನ್, ಫೋನಿನ ಡೇಟಾ ಕೇಬಲ್ ಇರಲಿ.

ಮೊದಲು ಅಡಾಪ್ಟರ್ ಕೈಗೆ ತಗೊಂಡು ನೋಡಿ, ಕಂಪ್ಯೂಟರಿನ ಕಂಪನಿಯದ್ದೇ 65 ವ್ಯಾಟಿನದು ಇರಬೇಕು. ಡೆಲ್ ಯಂತ್ರಗಳು ಅಡಾಪ್ಟರಿನ ಗುರುತನ್ನು ನಡುವಿನ ಸಣ್ಣ ಪಿನ್ನಿನಿಂದ ಓದುತ್ತವೆ. ಲೋಕಲ್ ಅಡಾಪ್ಟರ್ ಹಾಕಿದರೆ ಶುರುವಿನಲ್ಲೇ ಎಚ್ಚರಿಕೆ ತೋರಿಸಿ ಪ್ರೊಸೆಸರ್ ವೇಗವನ್ನು ತೀರಾ ಕೆಳಕ್ಕೆ ಇಳಿಸಿಬಿಡುತ್ತವೆ. ಕಂಪ್ಯೂಟರ್ ಕೆಟ್ಟಿದೆ ಅಂತ ಜನ ವಾಪಸ್ ತರುವ ಎಷ್ಟೋ ಪ್ರಕರಣಗಳಲ್ಲಿ ದೋಷ ಅಡಾಪ್ಟರಿನದೇ ಇರುತ್ತದೆ.

ಆಮೇಲೆ ಬಯಾಸ್, ಅಂದರೆ ವಿಂಡೋಸಿಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ. ಆನ್ ಮಾಡಿದ ಕೂಡಲೇ ಒತ್ತಬೇಕಾದ ಕೀ: ಡೆಲ್‌ಗೆ ಎಫ್2, ಲೆನೊವೊಗೆ ಎಫ್1, ಎಚ್‌ಪಿಗೆ ಎಫ್10. ಪಾಸ್‌ವರ್ಡ್ ಕೇಳಿದರೆ ಆ ಪೀಸ್ ಬೇಡ, ಇನ್ನೊಂದು ಕೊಡಿ ಅನ್ನಿ. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ ಆನ್ ಇದೆಯೇ ನೋಡಿ. ತಾರೀಖು–ಸಮಯ ಎಲ್ಲೋ ಹಳೆಯ ವರ್ಷಕ್ಕೆ ಹೋಗಿದ್ದರೆ ಒಳಗಿನ ಸಿಆರ್2032 ಸೆಲ್ ಸತ್ತಿದೆ. ಹಾಗೇ ಮನೆಗೆ ತಂದರೆ ಪ್ಲಗ್ ಕಿತ್ತಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ಸೈಟು ‘ಸುರಕ್ಷಿತವಲ್ಲ’ ಎಂದು ತೆರೆಯುವುದೇ ಇಲ್ಲ. ಎಲ್ಲರೂ ಇಂಟರ್ನೆಟ್ಟನ್ನು ಬೈಯುತ್ತಾ ಕೂರುತ್ತಾರೆ. ಸೆಲ್ಲಿನ ಬೆಲೆ ಮಾತ್ರ ಒಂದು ದೋಸೆಗಿಂತ ಕಡಿಮೆ, ಅಲ್ಲೇ ಹಾಕಿಸಿಕೊಳ್ಳಿ.

ಬಹಳ ಜನ ತಪ್ಪಿಸಿಕೊಳ್ಳುವ ಪರೀಕ್ಷೆ ಇದು: ಅಂಗಡಿಯವರು ಡೆಸ್ಕ್‌ಟಾಪ್ ತೆರೆದು ತೋರಿಸಿದಾಗ ಎಲ್ಲ ಸರಿಯಾಗೇ ಕಾಣುತ್ತದೆ. ಹಿಂದಿನ ಆಫೀಸು ಆ ಯಂತ್ರವನ್ನು ತನ್ನ ಲೆಕ್ಕದಿಂದ ತೆಗೆದಿರದಿದ್ದರೆ, ಮುಂದೆಂದೋ ನೀವು ರೀಸೆಟ್ ಮಾಡಿದ ದಿನ ಆ ಕಂಪನಿಯ ಲಾಗಿನ್ ಪುಟ ಎದುರು ಬರುತ್ತದೆ. ಮೈಕ್ರೋಸಾಫ್ಟಿನ ಆಟೋಪೈಲಟ್ ಅನ್ನುವ ವ್ಯವಸ್ಥೆಯ ಕೆಲಸ ಅದು. ಆದ್ದರಿಂದ ಎದುರಿಗೇ ರೀಸೆಟ್ ಮಾಡಿಸಿ, ಸೆಟಪ್ ಶುರುವಾದಾಗ ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಸಿಕ್ಕ ಮೇಲೂ ಮಾಮೂಲಿ ಪುಟವೇ ಬಂದರೆ ಯಂತ್ರ ಸ್ವತಂತ್ರ. ರೀಸೆಟ್ಟಿಗೆ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಒಂದು ಕಾಫಿ ಕುಡಿದು ಬನ್ನಿ.

ವಿಂಡೋಸ್ ತೆರೆದ ಮೇಲೆ ಸೆಟ್ಟಿಂಗ್ಸಿನ ಆ್ಯಕ್ಟಿವೇಶನ್ ಪುಟ ನೋಡಿ. ‘ಡಿಜಿಟಲ್ ಲೈಸೆನ್ಸ್’ ಅಂತಿದ್ದರೆ ಸರಿ. ‘ಸಂಸ್ಥೆಯ ಸರ್ವರ್’ ಎಂಬ ಮಾತು ಕಂಡರೆ ಅದು ಅಡ್ಡದಾರಿಯ ಆ್ಯಕ್ಟಿವೇಶನ್. ಈ ಬ್ರ್ಯಾಂಡ್ ಯಂತ್ರಗಳಲ್ಲಿ ಬಹುತೇಕ ಬಯಾಸ್ ಒಳಗೇ ಅಸಲಿ ಲೈಸೆನ್ಸ್ ಇರುತ್ತದೆ, ಆ ಆವೃತ್ತಿಯನ್ನೇ ಮತ್ತೆ ಹಾಕಿಸಿದರೆ ತಾನಾಗಿ ಸರಿಹೋಗುತ್ತದೆ. ಎಲ್ಲಾ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ. ಹತ್ತು ನಿಮಿಷ 1080ಪಿ ವಿಡಿಯೋ ಓಡಿಸಿ ಫ್ಯಾನಿನ ಹತ್ತಿರ ಕಿವಿ ಇಡಿ: ಒಂದೇ ಸಮ ‘ಸುಯ್’ ಅಂದರೆ ಪರವಾಗಿಲ್ಲ, ಕರಕರ ಅಂದರೆ ಬೇರಿಂಗ್ ಹೋಗಿದೆ. ವಿಡಿಯೋ ಒಂದಕ್ಕೇ ಫ್ಯಾನ್ ಹುಚ್ಚೆದ್ದು ತಿರುಗಿದರೆ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಧೂಳು ಕಟ್ಟಿದೆ, ಕ್ಲೀನ್ ಮಾಡಿ ಪೇಸ್ಟ್ ಹಾಕಿ ಕೊಡಲಿ. ಕೊನೆಗೆ ಜಿಎಸ್‌ಟಿ ಬಿಲ್ಲು, ಬಿಲ್ಲಿನ ಮೇಲೆ ಸೀರಿಯಲ್ ನಂಬರು, ವಾರಂಟಿ ಎಷ್ಟು ತಿಂಗಳು ಎಂಬುದು ಬರಹದಲ್ಲಿ. ಬಾಯಿಮಾತಿನ ವಾರಂಟಿ ಆ ಗಲ್ಲಿ ದಾಟುವಷ್ಟರಲ್ಲಿ ಮುಗಿದಿರುತ್ತದೆ.

ವೈಫೈ ಬಗ್ಗೆ ಪ್ರತ್ಯೇಕ ಮಾತು. ಆಫೀಸಿನಲ್ಲಿ ಈ ಡಬ್ಬಿಗಳು ನೆಟ್‌ವರ್ಕ್ ಕೇಬಲ್ಲಿನಲ್ಲೇ ಬದುಕಿದವು, ಎಷ್ಟೋ ಪೀಸುಗಳಲ್ಲಿ ವೈಫೈ ಕಾರ್ಡೂ ಇಲ್ಲ, ಆಂಟೆನಾನೂ ಇಲ್ಲ. ವೈಫೈ ಇಲ್ಲ ಅಂದರೆ ಸಾಮಾನ್ಯವಾಗಿ ಬ್ಲೂಟೂತ್ತೂ ಇಲ್ಲ. ಹಾಕಿಸುವುದಾದರೆ ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ಕೇಳಿ. ನೋಡಲು ಅದರಂತೆಯೇ ಇರುವ ಎಎಕ್ಸ್201 ಎಂಟನೇ ತಲೆಮಾರಿನ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಎರಡು ಆಂಟೆನಾ ವೈರೂ ಬೇಕು, ಲೋಹದ ಪೆಟ್ಟಿಗೆಯೊಳಗೆ ಬರೀ ಕಾರ್ಡ್ ಇದ್ದರೆ ಪಕ್ಕದ ರೂಮಿನ ರೂಟರ್ ಕೂಡ ಹಿಡಿಯುವುದಿಲ್ಲ. ವೈರಿನ ತುದಿಯ ಸಣ್ಣ ಗುಂಡಿಯನ್ನು ಪಿನ್ನಿನ ನೇರ ಮೇಲೆ ಇಟ್ಟು ಉಗುರಿನಿಂದ ಒತ್ತಬೇಕು, ಓರೆಯಾಗಿ ತಳ್ಳಿದರೆ ಪಿನ್ ಮುರಿಯುತ್ತದೆ. ಇದೆಲ್ಲ ಬೇಡವಾದರೆ ಯುಎಸ್‌ಬಿ ವೈಫೈ ಡಾಂಗಲ್ ಸಾಕು. ರೂಟರ್ ಪಕ್ಕದಲ್ಲೇ ಇದ್ದರೆ ಒಂದು ಕೇಬಲ್ ಎಳೆದುಬಿಡಿ, ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

ಎಸ್‌ಎಸ್‌ಡಿ ಹೊಸದು ಅಂದೆನಲ್ಲ, ಕಾರಣ: ಆಫೀಸಿನ ಡಿಸ್ಕ್ ಎಷ್ಟು ದುಡಿದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ. ಹಳೆಯದನ್ನೇ ಕೊಟ್ಟರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಆರೋಗ್ಯದ ಶೇಕಡಾ ನೋಡಿ. ಎಂ720ಕ್ಯೂನಲ್ಲಿ ಹಿಂದಿನ ಒಂದು ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ಮುಂದಕ್ಕೆ ಜಾರಿಸಬೇಕು. ರ‍್ಯಾಮ್ ಮತ್ತು ಎಂ.2 (ಹೊಸ ಡಿಸ್ಕ್ ಕೂರುವ) ಜಾಗ ಇರುವುದು ಅಡಿಭಾಗದಲ್ಲಿ, ಅಲ್ಲಿನ ಮುಚ್ಚಳವನ್ನೂ ಜಾರಿಸಿ. ರ‍್ಯಾಮನ್ನು ಓರೆಯಾಗಿ ಸ್ಲಾಟಿಗೆ ತೂರಿಸಿ, ಹಳದಿ ತುದಿ ಪೂರ್ತಿ ಒಳಹೋದ ಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ‘ಟಕ್’ ಅನ್ನುತ್ತವೆ. ಆನ್ ಮಾಡಿದಾಗ ಬೀಪ್ ಹೊಡೆದು ಪರದೆ ಕಪ್ಪಾಗಿಯೇ ಇದ್ದರೆ ನೂರಕ್ಕೆ ತೊಂಬತ್ತು ಪಾಲು ರ‍್ಯಾಮ್ ಸರಿಯಾಗಿ ಕೂತಿಲ್ಲ.

ನಿಮ್ಮ ಮಾನಿಟರಿಗೆ ಡಿಸ್‌ಪ್ಲೇಪೋರ್ಟಿನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು, ಡಬ್ಬಿಯಲ್ಲಿ ಎಚ್‌ಡಿಎಂಐ ಕಿಂಡಿ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವುದು. ಅದು ಒಮ್ಮುಖ: ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದನ್ನು ತಪ್ಪಿ ತಂದರೆ ಪರದೆ ಬರುವುದಿಲ್ಲ. ವಿಜಿಎಯಲ್ಲಿ ದನಿ ಹಾಯುವುದಿಲ್ಲ, ಸ್ಪೀಕರನ್ನು ಮುಂದಿನ ಆಡಿಯೋ ಕಿಂಡಿಗೆ ಹಾಕಿ. ಮಿನಿಗಳಲ್ಲಿ ಕ್ಯಾಮೆರಾ, ಮೈಕ್ ಇರುವುದಿಲ್ಲ ಎಂಬುದು ಮಗಳ ಕ್ಲಾಸಿನ ಹಿಂದಿನ ರಾತ್ರಿ ನೆನಪಾಗುವುದು ಬೇಡ, ವೆಬ್‌ಕ್ಯಾಮ್ ಮತ್ತು ಹೆಡ್‌ಸೆಟ್ಟಿನ ದುಡ್ಡನ್ನು 25 ಸಾವಿರದೊಳಗೇ ಈಗಲೇ ತೆಗೆದಿಡಿ.

ಯುಪಿಎಸ್‌ಗೂ ತೆಗೆದಿಡಿ. ಲ್ಯಾಪ್‌ಟಾಪಿನ ಹಾಗೆ ಇದಕ್ಕೆ ಬ್ಯಾಟರಿ ಇಲ್ಲ, ಏಪ್ರಿಲ್–ಮೇ ಸಂಜೆಯ ಮಳೆಗೆ ಕರೆಂಟು ಕಣ್ಣುಮುಚ್ಚಾಲೆ ಆಡಿದರೆ ಬರೆಯುತ್ತಿದ್ದ ಫೈಲು ಹೋಯಿತು. ಮಿನಿ, ಮಾನಿಟರ್, ರೂಟರ್ ಸೇರಿ 50 ವ್ಯಾಟ್ ಆಸುಪಾಸು. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಯ 600 ವಿಎ ಯುಪಿಎಸ್ ಹೊಸದರಲ್ಲಿ ಅರ್ಧ ಗಂಟೆಯಾದರೂ ಎಳೆಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ಚನ್ನು ‘ಯುಪಿಎಸ್’ ಮೋಡಿಗೆ ಹಾಕಿ, ‘ಇಕೋ’ದಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು. ಎನ್100 ಡಬ್ಬಿಗಳು ಹೆಚ್ಚಾಗಿ 12 ವೋಲ್ಟಿನವು ಅಂತ ರೂಟರಿನ ಪುಟ್ಟ ಯುಪಿಎಸ್ಸಿಗೆ ಸಿಕ್ಕಿಸಬೇಡಿ. ಅದು ಕೊಡುವುದು ಸಾಮಾನ್ಯವಾಗಿ 2 ಆಂಪಿಯರ್, ಡಬ್ಬಿ ಕೇಳುವುದು 3ರವರೆಗೆ. ಬಯಾಸಿನಲ್ಲಿ ‘ಕರೆಂಟು ಮರಳಿದಾಗ’ ಎಂಬ ಆಯ್ಕೆಯನ್ನು ಆಫ್‌ಗೆ ಇಡಿ, ಇಲ್ಲವಾದರೆ ಪ್ರತಿ ಸಲ ಕರೆಂಟು ಬಂದಾಗಲೂ ತಾನೇ ಎದ್ದು ಕೂರುತ್ತದೆ. ಬಿಲ್ಲಿನ ಚಿಂತೆ ಬೇಡ: ಸರಾಸರಿ 15 ವ್ಯಾಟಿನಂತೆ ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 3.6 ಯುನಿಟ್. 70 ವ್ಯಾಟಿನ ಟವರ್ ಆಗಿದ್ದರೆ 16.8. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಇದೂ ಲೆಕ್ಕಕ್ಕೆ ಬರುತ್ತದೆ.

ಲಿನಕ್ಸ್ ಹಾಕಿದರೆ ಹೇಗೆ ಅಂತಲೂ ಕೇಳಿದ್ದೀರಿ. ಕಗಪ ಕೀಲಿಮಣೆ ಅದರಲ್ಲೇ ಇದೆ, ಯುನಿಕೋಡಿನಲ್ಲಿ ಬರೆಯುವವರಿಗೆ ಏನೂ ಕೊರತೆಯಿಲ್ಲ. ಆದರೆ ತಂದೆಯವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುವವರಾದರೆ ವಿಂಡೋಸ್ ಬಿಡಬೇಡಿ. ಆ ಫೈಲುಗಳಿರುವ ಹಳೆಯ ಟವರಿನ ಹಾರ್ಡ್‌ಡಿಸ್ಕನ್ನು ಗುಜರಿಗೆ ಹಾಕುವ ಮುಂಚೆ ಬಿಚ್ಚಿಟ್ಟುಕೊಳ್ಳಿ. ಅದು 3.5 ಇಂಚಿನದು, ಮಿನಿಯೊಳಗೆ ಕೂರುವುದಿಲ್ಲ. ಯುಎಸ್‌ಬಿಯಿಂದ ಸಾಟಾಗೆ (ಹಾರ್ಡ್‌ಡಿಸ್ಕಿನ ಕಿಂಡಿಗೆ) ಹೋಗುವ ಅಡಾಪ್ಟರ್ ಬೇಕು, ಅದೂ ತನ್ನದೇ 12 ವೋಲ್ಟ್ ಪವರ್ ಇರುವಂಥದ್ದು. ಬರೀ ಕೇಬಲ್ಲಿನಂಥದ್ದು ಲ್ಯಾಪ್‌ಟಾಪ್ ಡಿಸ್ಕಿಗೆ ಮಾತ್ರ, ಅದರಲ್ಲಿ ಈ ಡಿಸ್ಕ್ ತಿರುಗುವುದೇ ಇಲ್ಲ.