ಈಸ್ಟರ್ ದ್ವೀಪದ ಕವಡೆಯೂ ನಮ್ಮ ಚೌಕಾಬಾರದ ಕವಡೆಯೂ ಒಂದೇ ಜಾತಿಯೇ?

ಅಲ್ಲ, ಆದರೆ ಹತ್ತಿರದ ದಾಯಾದಿಗಳು. ಕೋಲಾರದ ನಮ್ಮ ಮನೆಯ ಜಗುಲಿಯಲ್ಲಿ ಅಜ್ಜಿ ಚೌಕಾಬಾರಕ್ಕೆ ಹಾಕುತ್ತಿದ್ದ ಹಳದಿ ಕವಡೆಯ ವೈಜ್ಞಾನಿಕ ಹೆಸರು ಮೊನೆಟೇರಿಯಾ ಮೊನೆಟಾ. ಮಾಲ್ಡೀವ್ಸ್‌ನಿಂದ ಹಡಗುಗಟ್ಟಲೆ ಬಂಗಾಳಕ್ಕೆ ಬಂದು ಹಣವಾಗಿ ಚಲಾವಣೆಯಾದದ್ದೂ ಇದೇ. ‘ಕವಡೆ ಕಾಸಿನ ಬೆಲೆಯಿಲ್ಲ’ ಎನ್ನುತ್ತೇವಲ್ಲ, ಆ ಕವಡೆ.

ನೀವು ಕೇಳಿದ ಈಸ್ಟರ್ ದ್ವೀಪದ ಕವಡೆ, ಮೊನೆಟೇರಿಯಾ ಕಪುಟ್‌ಡ್ರಕೋನಿಸ್, ಅದೇ ಕುಲದ್ದು. ಅದರ ನೆಲೆ ಮಾತ್ರ ಬಹಳ ಕಿರಿದು: ಪೆಸಿಫಿಕ್ ನಡುವೆ, ಚಿಲಿ ದೇಶಕ್ಕೆ ಸೇರಿದ ಈಸ್ಟರ್ ಮತ್ತು ಸಾಲಾ ಇ ಗೋಮೆಸ್ ದ್ವೀಪಗಳ ಕರಾವಳಿ. ಕಡುಕಂದು ಬೆನ್ನಿನ ತುಂಬ ಬಿಳಿಯ ಚುಕ್ಕೆಗಳು.

ಎರಡರ ಹೊಳಪೂ ಯಾರೋ ಉಜ್ಜಿ ಬರಿಸಿದ್ದಲ್ಲ. ಕವಡೆ ಎಂದರೆ ಕಡಲ ಬಸವನಹುಳುವಿನ ಚಿಪ್ಪು; ಜೀವಂತ ಹುಳು ತನ್ನ ಮೆತ್ತನೆಯ ಮೈಹೊದಿಕೆಯನ್ನು ಚಿಪ್ಪಿನ ಮೇಲೆ ಎಳೆದುಕೊಂಡು, ಹೊರಗಿನಿಂದಲೇ ಹೊಸ ಪದರ ಬಳಿಯುತ್ತದೆ. ಅಜ್ಜಿಯ ಕವಡೆಯನ್ನು ಮುಟ್ಟಿದಾಗಲೆಲ್ಲ ನನಗೆ ಇದೇ ಬೆರಗು.